ಎಸ್‌ಟ್ರೇಸ್ ತೆಗೆದ ಮೇಲೂ ಪ್ರೋಗ್ರಾಂ ಏಳ್ತಿಲ್ಲ, ಯಾರಿಗಾದ್ರೂ ಹೀಗಾಗಿದೆಯಾ?

ಬಾಗಲಕೋಟೆಯಿಂದ ಕೇಳ್ತಿದ್ದೇನೆ. ನಮ್ಮ ಬೋರ್ಡಿನ ಲಿನಕ್ಸ್ ಕರ್ನಲ್‌ನಲ್ಲಿ ಪಿಟ್ರೇಸ್ ಭಾಗಕ್ಕೆ (ಒಂದು ಪ್ರೋಗ್ರಾಂ ಇನ್ನೊಂದನ್ನು ಹಿಡಿದು ನಿಲ್ಲಿಸಿ ನೋಡಲು ಬಿಡುವ ಭಾಗ, ಎಸ್‌ಟ್ರೇಸ್ ಟೂಲ್ ನಡೆಯುವುದೂ ಇದರ ಮೇಲೆಯೇ) ಒಂದು ಪ್ಯಾಚ್ ಹಾಕಿದ್ದೇವೆ. ಅವತ್ತಿನಿಂದ, ಜಾಸ್ತಿ ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸಗಳು) ಇರುವ ಪ್ರೋಗ್ರಾಂಗೆ ಎಸ್‌ಟ್ರೇಸ್ ಹಚ್ಚಿ ತೆಗೆದರೆ ಹತ್ತರಲ್ಲಿ ಒಂದು ಸಲ ಅದು ನಿಂತೇ ಬಿಡುತ್ತದೆ. ಹುಡುಕಲು ಪ್ರಿಂಟ್‌ಕೆ (ಕರ್ನಲ್‌ನಿಂದ ಸಂದೇಶ ಬರೆಸುವ ಸಾಲು) ಹಾಕಿದರೆ ದೋಷ ಮಾಯ. ಎಲ್ಲಿಂದ ಶುರು ಮಾಡಲಿ?

ಬೆಳಗಾವಿ, ಉದ್ಯಮಬಾಗ:
ಸರ್, ಹೋದ ಮಳೆಗಾಲ ಪೂರ್ತಿ ಇದರ ಹಿಂದೆಯೇ ಇದ್ದೆ. ನಿಂತ ಪ್ರೋಗ್ರಾಂ ಅನ್ನು ಕೊಲ್ಲಬೇಡಿ, ಅದೇ ನಿಮ್ಮ ಸಾಕ್ಷಿ. ಪ್ರೋಕ್ (ಓಡುತ್ತಿರುವ ಪ್ರೋಗ್ರಾಂಗಳ ಸ್ಥಿತಿಯನ್ನು ಕರ್ನಲ್ ತೋರಿಸುವ ಫೋಲ್ಡರ್) ಒಳಗೆ ಒಂದೊಂದು ಥ್ರೆಡ್‌ನ ಸ್ಟೇಟಸ್ ಫೈಲ್ ತೆಗೆದು ಸ್ಟೇಟ್, ಟ್ರೇಸರ್‌ಪಿಡ್ (ಹಿಡಿದಿರುವ ಪ್ರೋಗ್ರಾಂನ ನಂಬರ್) ಸಾಲುಗಳನ್ನು ನೋಡಿ. ದೊಡ್ಡ ಟಿ ಇದ್ದರೆ ಮಾಮೂಲಿ ಸ್ಟಾಪ್, ಸಿಗ್‌ಕಾಂಟ್ (‘ಮುಂದುವರಿ’ ಅನ್ನುವ ಸಿಗ್ನಲ್) ಕಳಿಸಿದರೆ ಏಳುತ್ತದೆ. ಸಣ್ಣ ಟಿ (ಟ್ರೇಸ್ ಮಾಡುವವನು ನಿಲ್ಲಿಸಿದ್ದು) ಇದ್ದು ಟ್ರೇಸರ್‌ಪಿಡ್ ಸೊನ್ನೆ ಅಂದ್ರೆ, ಹಿಡಿದವನು ಬಿಟ್ಟು ಹೋಗಿದ್ದಾನೆ, ಇವನನ್ನು ಯಾರೂ ಎಬ್ಬಿಸಿಲ್ಲ. ನನ್ನ ಬೋರ್ಡಲ್ಲಿ ನಾಲ್ಕು ಥ್ರೆಡ್‌ಗಳಲ್ಲಿ ಒಂದೇ ಒಂದು ಹಾಗೆ ಕೂತಿತ್ತು. ನನ್ನ ಕೋಡ್‌ನಲ್ಲಿ ಥ್ರೆಡ್ ನಿಂತಿದೆಯಾ ಅಂತ ನೋಡಿ, ಸಿಗ್‌ಲಾಕ್ (ಸಿಗ್ನಲ್ ಸ್ಥಿತಿಯನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ) ಬಿಟ್ಟು, ಆಮೇಲೆ ಎಬ್ಬಿಸಲು ಹೋಗ್ತಿದ್ದೆ, ಆ ಚೂರು ಸಂದಿಯಲ್ಲೇ ಅದು ನಿಲ್ಲುತ್ತಿತ್ತು. ನೋಡುವುದು, ಎಬ್ಬಿಸುವುದು ಎರಡನ್ನೂ ಒಂದೇ ಲಾಕ್ ಒಳಗೆ ತಂದೆ, ಸರಿ ಹೋಯ್ತು.

ಪ್ರಿಂಟ್‌ಕೆ ಹಾಕಿದರೆ ಮಾಯ ಆಗೋದು ಸಹಜ. 115200 ಬಾಡ್ ಸೀರಿಯಲ್‌ನಲ್ಲಿ 80 ಅಕ್ಷರದ ಸಾಲಿಗೆ ಸುಮಾರು 7 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಥ್ರೆಡ್‌ಗಳ ಓಟದ ಲೆಕ್ಕವೇ ಬದಲಾಗುತ್ತದೆ. ಟ್ರೇಸ್‌ಪ್ರಿಂಟ್‌ಕೆ ಬಳಸಿ, ಅದು ಮೆಮೊರಿಗೆ ಬರೆಯುತ್ತದೆ, ಆಮೇಲೆ ಆರಾಮಾಗಿ ಓದಬಹುದು.

ವಿಜಯಪುರ:
ಮೇಲಿನವರು ಹೇಳಿದ್ದು ಸರಿ. ಆದರೆ ಪ್ಯಾಚ್ ದೊಡ್ಡದಿದ್ದು ಗಿಟ್ ಬೈಸೆಕ್ಟ್ (ಕಮಿಟ್‌ಗಳನ್ನು, ಅಂದ್ರೆ ಕೋಡ್ ಬದಲಾವಣೆಗಳನ್ನು, ಅರ್ಧರ್ಧ ಮಾಡುತ್ತಾ ದೋಷ ತಂದದ್ದನ್ನು ಹುಡುಕುವುದು) ಮಾಡುವುದಾದರೆ ಒಂದು ಮಾತು. ಹತ್ತರಲ್ಲಿ ಒಂದು ಸಲ ಬರುವ ದೋಷಕ್ಕೆ ಸುಮ್ನೆ 10 ಸಲ ಓಡಿಸಿ ‘ಗುಡ್’ ಅಂತ ಕೊಡಬೇಡಿ, ಕೆಟ್ಟ ಕರ್ನಲ್ ಕೂಡ ಮೂರರಲ್ಲಿ ಒಂದು ಸಲ ಹಾಗೇ ಪಾಸ್ ಆಗುತ್ತದೆ. 50 ಸಲ ಓಡಿಸಿದರೆ ಆ ಮೋಸ ಇನ್ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ನಾನು 10 ಸಲಕ್ಕೇ ನಂಬಿ ಎರಡು ದಿನ ತಪ್ಪು ಕಮಿಟ್ ನೋಡ್ತಾ ಕೂತಿದ್ದೆ. ಕರ್ನಲ್ ಜೊತೆಗೇ ಬರುವ ಸೆಲ್ಫ್‌ಟೆಸ್ಟ್‌ಗಳಲ್ಲಿ ಪಿಟ್ರೇಸ್‌ಗೆ ಬೇರೆ ಫೋಲ್ಡರ್ ಇದೆ, ಅವನ್ನೂ ಓಡಿಸಿ.

ಬಾಗಲಕೋಟೆ:
ಈಗಷ್ಟೇ ನೋಡಿದೆ. ಆರು ಥ್ರೆಡ್‌ಗಳಲ್ಲಿ ಎರಡು ಸಣ್ಣ ಟಿ, ಟ್ರೇಸರ್‌ಪಿಡ್ ಸೊನ್ನೆ! ಬೋರ್ಡ್ ರೀಬೂಟ್ ಮಾಡದೆ ಹಾಗೇ ಇಟ್ಟಿದ್ದೇನೆ. ರಾತ್ರಿ ಪ್ಯಾಚ್‌ನಲ್ಲಿ ಲಾಕ್ ಬಿಡುವ ಜಾಗ ಒಂದೊಂದೇ ನೋಡ್ತೇನೆ.