4ಎಚ್‌ನಿಂದ ಲಿವರ್ ವಾಪಸ್ ಬರ್ತಿಲ್ಲ, ಮುಂದೆ ಕಟಕಟ ಸದ್ದು: ಮೂರು ಗ್ಯಾರೇಜ್, ಮೂರು ಮಾತು

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಹಳೇ ಪೆಟ್ರೋಲ್ ಜೀಪು. ಲೀಫ್ ಸ್ಪ್ರಿಂಗ್, ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ (2ಎಚ್ ಅಂದ್ರೆ ಹಿಂದಿನ ಗಾಲಿಗೆ ಮಾತ್ರ ಎಂಜಿನ್ ಬಲ, 4ಎಚ್ ಅಂದ್ರೆ ನಾಲ್ಕಕ್ಕೂ), ಮುಂದಿನ ಹಬ್ (ಗಾಲಿಯ ನಡುಭಾಗ) ಕೈಯಲ್ಲಿ ತಿರುಗಿಸಿ ಲಾಕ್ ಮಾಡೋದು; ಲಾಕ್ ಮಾಡಿದ್ರೆ ಗಾಲಿ ಆಕ್ಸಲ್ ಶಾಫ್ಟಿಗೆ ಸೇರುತ್ತೆ, ಫ್ರೀ ಮಾಡಿದ್ರೆ ಬಿಡುತ್ತೆ. ಹಿರಿಯೂರು ಕಡೆ ಎರೆ ಹೊಲಕ್ಕೆ ಓಡಾಡೋ ಗಾಡಿ. ತೊಂದರೆ ಮೂರು:

1. ಕೆಸರಲ್ಲಿ 4ಎಚ್ ಸಲೀಸಾಗಿ ಬೀಳುತ್ತೆ. ಟಾರ್ ರಸ್ತೆಗೆ ಬಂದ್ಮೇಲೆ ಲಿವರ್ ಎಷ್ಟು ಎಳೆದ್ರೂ 2ಎಚ್‌ಗೆ ಬರಲ್ಲ.
2. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮುಂದೆ ಎಡಗಡೆ ಕಟಕಟ ಅನ್ನುತ್ತೆ.
3. 50–60 ವೇಗದಲ್ಲಿ ಗುಂಯ್ ಅನ್ನೋ ಸದ್ದು.

ಒಬ್ಬರು ಕ್ರೌನ್ ಪಿನಿಯನ್ (ಆಕ್ಸಲ್ ನಡುವೆ ಗಾಲಿ ತಿರುಗಿಸೋ ಹಲ್ಲುಚಕ್ರದ ಜೋಡಿ) ಹೋಗಿದೆ ಅಂದ್ರು, ಇನ್ನೊಬ್ಬರು ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ) ಇಳಿಸಬೇಕು ಅಂದ್ರು, ಮೂರನೆಯವರು ಆಯಿಲ್ ಬದಲಾಯಿಸಿದ್ರೆ ಸಾಕು ಅಂದ್ರು. ಹಿಂದಿನ ಎರಡು ಟೈರ್ ಹೊಸವು, ಮಡ್ ಪ್ಯಾಟರ್ನ್. ಮುಂದಿನವು ಹಳೇವು. ಯಾರ ಮಾತು ನಂಬೋದು?

ಬೆಣ್ಣೆದೋಸೆ_4ಎಲ್ (ದಾವಣಗೆರೆ)

ಟ್ರಾನ್ಸ್‌ಫರ್ ಕೇಸ್ ಈಗ್ಲೇ ಇಳಿಸಬ್ಯಾಡ್ರಿ. ಲಿವರ್ ಸಿಕ್ಕಿಹಾಕ್ಕೊಳ್ಳೋದು ಬಹಳ ಸಲ ಕೆಟ್ಟು ಹೋಗಿದ್ದಕ್ಕಲ್ಲ. ಪಾರ್ಟ್ ಟೈಮ್ ಗಾಡಿಯಾಗ ಮುಂದಿಂದಕ್ಕೂ ಹಿಂದಿಂದಕ್ಕೂ ನಡುವೆ ಡಿಫರೆನ್ಷಿಯಲ್ (ಬೇರೆ ಬೇರೆ ವೇಗದಾಗ ತಿರುಗಾಕ ಬಿಡೋ ಗೇರ್) ಇರಂಗಿಲ್ಲ. 4ಎಚ್ ಹಾಕಿದ್ರೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗಕ್ಕೆ ಕಟ್ಟಿಬೀಳ್ತಾವ. ತಿರುವಿನಾಗ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು. ಕೆಸರಾಗ ಟೈರ್ ಜಾರಿ ಆ ವ್ಯತ್ಯಾಸ ಕಳೀತೈತಿ, ಟಾರಿನಾಗ ಜಾರಂಗಿಲ್ಲ. ಆ ಬಿಗಿ ಶಾಫ್ಟಿನಾಗ ಕೂತು ಟ್ರಾನ್ಸ್‌ಫರ್ ಕೇಸ್ ಒಳಗಿನ ಸ್ಲೀವ್ (ಎರಡೂ ಶಾಫ್ಟ್ ಜೋಡಿಸೋ ಉಂಗುರ) ಹಿಡ್ಕೋತೈತಿ. ಬಿಡಿಸೋಕೆ ಸ್ಟೇರಿಂಗ್ ನೆಟ್ಟಗಿಟ್ಟು 5–10 ಮೀಟರ್ ರಿವರ್ಸ್ ಬರ್ರಿ, ಕ್ಲಚ್ ಒತ್ತಿ ಲಿವರ್ ಎಳೀರಿ. ಆಗ್ಲಿಲ್ಲ ಅಂದ್ರೆ ಒಂದು ಬದಿ ಗಾಲಿ ರಸ್ತೆ ಪಕ್ಕದ ಸಡಿಲ ಮಣ್ಣಿಗೆ ಇಳಿಸಿ ನೋಡ್ರಿ. ಜೋರು ಮಾಡಿ ಎಳೆದು ಫೋರ್ಕ್ (ಆ ಸ್ಲೀವ್ ಸರಿಸೋ ಕವಲು) ಬಗ್ಗಿಸಬ್ಯಾಡ್ರಿ.

ನಿಜವಾದ ಅನುಮಾನ ಟೈರ್ ಮ್ಯಾಲೆ. 700 ಮಿ.ಮೀ. ವ್ಯಾಸದ ಟೈರ್ 5 ಮಿ.ಮೀ. ಸವೆದ್ರೆ ವ್ಯಾಸ 10 ಮಿ.ಮೀ. ಕಮ್ಮಿ. ಅಂದ್ರೆ ಕಿಲೋಮೀಟರಿಗೆ ಸುಮಾರು 14 ಮೀಟರ್ ವ್ಯತ್ಯಾಸ, ನೆಟ್ಟನೆ ರಸ್ತೆಯಾಗೂ! ಅಳೆಯೋದು ಸುಲಭ. ನಾಲ್ಕಕ್ಕೂ ತಣ್ಣಗಿದ್ದಾಗ ಸರಿಯಾದ ಗಾಳಿ ಹಾಕಿ, 2ಎಚ್, ಹಬ್ ಫ್ರೀ. ಟೈರಿಗೂ ನೆಲಕ್ಕೂ ಚಾಕ್‌ಪೀಸ್ ಗುರುತು ಹಾಕಿ 10 ಸುತ್ತು ತಳ್ಳಿ ಟೇಪ್ ಹಿಡೀರಿ. ಮುಂದಿನದು, ಹಿಂದಿನದು ಬೇರೆ ಬೇರೆ ಅಳೀರಿ. 20 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚೋ ಮಾತೇ ಬ್ಯಾಡ.

ಗ್ರೀಸ್_ಗನ್

ಸದ್ದಿನ ವಿಷಯಕ್ಕೆ ಹಬ್ಬೇ ದೊಡ್ಡ ಸಾಕ್ಷಿ. 2ಎಚ್‌ನಲ್ಲಿ ಹಬ್ ಫ್ರೀ ಮಾಡಿದರೆ ಮುಂದಿನ ಆಕ್ಸಲ್ ಶಾಫ್ಟ್, ಕ್ರೌನ್ ಯಾವುದೂ ತಿರುಗುವುದಿಲ್ಲ. ಆಗಲೂ ಗುಂಯ್ ಅಂದರೆ ಮುಂದಿನ ಕ್ರೌನ್ ನಿರಪರಾಧಿ. ನಂತರ ಇದನ್ನು ಗಮನಿಸಿ: ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸದ್ದು ಬದಲಾದರೆ ಕ್ರೌನ್ ಪಿನಿಯನ್ ಅನುಮಾನ. ಖಾಲಿ ರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಎಳೆದಾಗ ಬದಲಾದರೆ ವೀಲ್ ಬೇರಿಂಗ್. ಟಾರಿನಿಂದ ಸಿಮೆಂಟ್ ರಸ್ತೆಗೆ ಬಂದಾಗ ಬದಲಾದರೆ ಟೈರ್.

ಕಟಕಟಕ್ಕೆ: ಬಯಲಲ್ಲಿ ಹಬ್ ಫ್ರೀ ಮಾಡಿ ಪೂರ್ತಿ ತಿರುಗಿಸಿ ನಿಧಾನ ಓಡಿಸಿ. ಸದ್ದು ಹೋದರೆ ಆಕ್ಸಲ್ ತುದಿಯ ಜಾಯಿಂಟ್ ಅಥವಾ ಹಬ್. ಇದ್ದೇ ಇದ್ದರೆ ಮುಂದಿನ ಗಾಲಿ ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಗೂಟ). ಅಡ್ಡಕ್ಕೆ ಹಿಡಿದಾಗ ಮಾತ್ರ ಆಟವಿದ್ದರೆ ಟೈರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು).

ಗಾಡಿ ಎತ್ತುವ ಮುನ್ನ ಗಾಲಿಗೆ ಕಲ್ಲು ಕೊಡಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಫಸ್ಟ್ ಗೇರ್ ಹಾಕಿದ್ದರೂ ಗಾಡಿ ಉರುಳುತ್ತದೆ. ಒಂದು ಗಾಲಿ ಮಾತ್ರ ಎತ್ತಿ 4ಎಚ್‌ನಲ್ಲಿ ಎಂಜಿನ್ ಓಡಿಸುವುದಂತೂ ಬೇಡವೇ ಬೇಡ, ಜಾಕಿನಿಂದ ಹಾರಿಬಿಡುತ್ತದೆ.

ಕೊನೆಗೆ ಆಕ್ಸಲ್ಲಿನ ಆಯಿಲ್. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಆಕ್ಸಲ್ ಮುಂದೆ ಕೂರಬೇಕಾಗುತ್ತದೆ. ಕೆಳಗಿನ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಲೋಹದ ಚೂರು ಇದ್ದರೆ ಕ್ರೌನ್ ಮಾತು ಎತ್ತಬಹುದು. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಹೋಗಿದೆ.

ಜೋಗಿಮಟ್ಟಿ_ಗಾಳಿ

ಅಳತೆ ಸಿಕ್ತು. 10 ಸುತ್ತಿಗೆ ಮುಂದೆ 21.6 ಮೀಟರ್, ಹಿಂದೆ 22.1. ಹಬ್ ಫ್ರೀ ಮಾಡಿದ್ರೆ ಕಟಕಟ ಪೂರ್ತಿ ನಿಲ್ಲುತ್ತೆ. ಗುಂಯ್ ಮಾತ್ರ ಹಬ್ ಲಾಕ್ ಇದ್ರೂ ಫ್ರೀ ಇದ್ರೂ ಇದೆ, ಸಿಮೆಂಟ್ ರಸ್ತೆಗೆ ಬಂದ್ರೆ ದನಿ ಬದಲಾಗುತ್ತೆ. ಎರಡು ಆಕ್ಸಲ್ಲಿನ ಮ್ಯಾಗ್ನೆಟ್ ಮೇಲೂ ಬರೀ ಪೇಸ್ಟ್. ಆದ್ರೆ ಮುಂದಿನ ಆಯಿಲ್ ಚಹಾ ಬಣ್ಣ.

ಬೆಣ್ಣೆದೋಸೆ_4ಎಲ್ (ದಾವಣಗೆರೆ)

50 ಸೆಂ.ಮೀ. ವ್ಯತ್ಯಾಸ ಅಂದ್ರೆ 2.3 ಪರ್ಸೆಂಟ್. ಲಿವರ್ ಸಿಕ್ಕೋದಕ್ಕೂ ಗುಂಯ್ ಅನ್ನೋದಕ್ಕೂ ಆ ಹಿಂದಿನ ಹೊಸ ಟೈರೇ ಕಾರಣ. ಮುಂದಿಂದು ಹಿಂದಕ್ಕೆ ಹಾಕಿದ್ರೂ ವ್ಯತ್ಯಾಸ ಅಷ್ಟೇ ಉಳೀತೈತಿ. ನಾಲ್ಕೂ ಒಂದೇ ಅಳತೆ ಆಗೋತನಕ 4ಎಚ್ ಬರೀ ಕೆಸರಿಗೆ. ರಿಮ್ ಒಳಗೆ ಒಣಗಿ ಕೂತ ಎರೆಮಣ್ಣನ್ನೂ ಕೆರೆದು ಹಾಕ್ರಿ, ಇಲ್ಲಾಂದ್ರೆ ನಾಳೆ 60ಕ್ಕೆ ಸ್ಟೇರಿಂಗ್ ನಡುಗ್ತೈತಿ ಅಂತ ನಾಲ್ಕನೇ ಗ್ಯಾರೇಜಿಗೆ ಹೋಗ್ತೀರಿ.

ಗ್ರೀಸ್_ಗನ್

ಕ್ರೌನ್ ಮುಟ್ಟಬೇಡಿ. ಮುಂದಿನ ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೋಗಿಬರುವ ಕಿರುಕಿಂಡಿ) ಬಿಚ್ಚಿ ಊದಿ ನೋಡಿ, ಮಣ್ಣು ಕಟ್ಟಿರುತ್ತದೆ. ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸ್ವಚ್ಛ ಮಾಡಿ, ಅದಕ್ಕೊಂದು ರಬ್ಬರ್ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ಕಟ್ಟಿ. ಹೈಪಾಯ್ಡ್ ಕ್ರೌನ್ (ಪಿನಿಯನ್ ನಡುಗೆರೆಯಿಂದ ಸರಿದು ಕೂರುವ ಬಗೆ) ಆದರೆ ಜಿಎಲ್-5 ದರ್ಜೆಯ ಗೇರ್ ಆಯಿಲನ್ನೇ ಹಾಕಿ, ಸಮತಟ್ಟು ನೆಲದಲ್ಲಿ ತುಂಬುವ ಪ್ಲಗ್ಗಿನ ತೂತಿನ ಅಂಚಿಗೆ ಬರುವಷ್ಟು. ಅದೇ ಡಬ್ಬಿಯನ್ನು ಕೈಪಿಡಿ ನೋಡದೆ ಗೇರ್‌ಬಾಕ್ಸಿಗೂ ಸುರಿಯಬೇಡಿ, ಒಳಗಿನ ಹಿತ್ತಾಳೆ ಸಿಂಕ್ರೋ ರಿಂಗಿಗೆ (ಗೇರ್ ಸಲೀಸಾಗಿ ಬೀಳಿಸುವ ಉಂಗುರಕ್ಕೆ) ಕೆಲವು ಜಿಎಲ್-5 ಆಗಿಬರುವುದಿಲ್ಲ. ಮುಂದಿನದಕ್ಕೆ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಹಬ್ ಲಾಕ್ ಮಾಡಿ 2ಎಚ್‌ನಲ್ಲೇ ಓಡಿಸಿ ಮತ್ತೆ ಇಳಿಸಿ. ಎರಡನೇ ಸಲವೂ ಬಣ್ಣ ಕೆಟ್ಟಿದ್ದರೆ ಮೂರನೇ ಸಲ.

ಗ್ಯಾರೇಜಿಗೆ ಹೇಳಬೇಕಾದ ಕೆಲಸ ಒಂದೇ: ಎಡಗಡೆ ಆಕ್ಸಲ್ ಶಾಫ್ಟ್ ಎಳೆದು ಜಾಯಿಂಟ್ ನೋಡಿ, ಹೇಗೂ ಬಿಚ್ಚಿರುತ್ತೀರಿ, ಒಳಗಿನ ಸೀಲನ್ನೂ ಬದಲಾಯಿಸಿ.