26 ವರ್ಷದಿಂದ ಡಿಟಿಪಿ ಕೆಲಸ, 49ನೇ ವಯಸ್ಸಿಗೆ ಮತ್ತೆ ಮೊದಲಿಂದ ಕಲಿಯಬೇಕಾ?

ಸಾಗರದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ನನ್ನದು ಡಿಟಿಪಿ ಅಂಗಡಿ. 1999ರಲ್ಲಿ ಸಾಲ ಮಾಡಿ ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು ತಂದು ಶುರು ಮಾಡಿದ್ದು. ಕನ್ನಡ ಹೊಡೆಯುವ ಸಾಫ್ಟ್‌ವೇರ್ ಮೊದಲು ಶ್ರೀಲಿಪಿ, ಆಮೇಲೆ ನುಡಿ, ಪುಟ ಕಟ್ಟುವುದಕ್ಕೆ ಇವತ್ತಿಗೂ ಪೇಜ್‌ಮೇಕರ್. ಲಗ್ನಪತ್ರಿಕೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಎಲ್ಲ ಈ ಕೈಯಲ್ಲೇ ಆಗಿದೆ. ಕೀಬೋರ್ಡ್ ನೋಡದೆ ಹೊಡೆಯುತ್ತೇನೆ. ಗಿರಾಕಿ ಓದಿ ಹೇಳುತ್ತಿದ್ದರೆ ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಸಾಲು ಮುಗಿದಿರುತ್ತದೆ.

ಎರಡು ಮೂರು ವರ್ಷದಿಂದ ಕೆಲಸ ಕೈಬಿಟ್ಟು ಹೋಗುತ್ತಿದೆ. ಜನ ಮೊಬೈಲಿನಲ್ಲೇ ಪತ್ರಿಕೆ ಮಾಡಿಕೊಂಡು ಬಂದು ಇದನ್ನೇ ಪ್ರಿಂಟ್ ಹೊಡೆದುಕೊಡಿ ಅನ್ನುತ್ತಾರೆ. ಅರ್ಧ ಜನ ಅದಕ್ಕೂ ಬರುವುದಿಲ್ಲ, ವಾಟ್ಸ್ಯಾಪಿನಲ್ಲಿ ಕಳಿಸಿ ಮುಗಿಸುತ್ತಾರೆ. 500 ಕಾರ್ಡು ಹಾಕಿಸುತ್ತಿದ್ದ ಮನೆಯವರು ಈಗ ದೇವರ ಮುಂದೆ ಇಡಲಿಕ್ಕೆ ಮತ್ತೆ ಹಿರಿಯರಿಗೆ ಕೊಡಲಿಕ್ಕೆ ಅಂತ 50 ಹಾಕಿಸುತ್ತಾರೆ.

ಇದನ್ನೆಲ್ಲ ಹೇಗೋ ತಡೆದುಕೊಂಡಿದ್ದೆ. ಕಳೆದ ತಿಂಗಳು ನಡೆದದ್ದು ಮಾತ್ರ ಮನಸ್ಸಿಗೆ ನಾಟಿತು. 14 ವರ್ಷದಿಂದ ಒಂದು ಸಂಘದ ವಾರ್ಷಿಕ ವರದಿ ನಾನೇ ಮಾಡುತ್ತಿದ್ದೆ. ಈ ಸಲ ಹೊಸ ಕಾರ್ಯದರ್ಶಿ, ಹುಡುಗ, ಒಳ್ಳೆಯವನೇ, ಫೈಲನ್ನು ಮೇಲ್ ಮಾಡಿ ಅಂದ. ಮಾಡಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು, ಇದರಲ್ಲಿ ಕನ್ನಡವೇ ಇಲ್ಲವಲ್ಲ ಸಾರ್ ಅಂತ. ಹೋಗಿ ಅವನ ಸ್ಕ್ರೀನ್ ನೋಡಿದೆ. 'ಕನ್ನಡ' ಅಂತ ಇರಬೇಕಾದ ಕಡೆ ಒಂದು ಪಿ, ಅದರ ಪಕ್ಕ ತಲೆ ಮೇಲೆ ಗೀರು ಇರುವ ಎ, 'ನ' ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಪುಟಗಟ್ಟಲೆ ಹಾಗೇ. ವೆಬ್‌ಸೈಟಿಗೂ ಹಾಕಬೇಕು, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲೇ ಬೇಕು ಅಂದ. ಕೆಲಸ ಶಿವಮೊಗ್ಗಕ್ಕೆ ಹೋಯಿತು.

ಆ ದಿನ ಸಂಜೆ ಅಂಗಡಿ ಬೇಗ ಹಾಕಿಬಿಟ್ಟೆ. ಮಗಳು ಯೂನಿಕೋಡ್ ಕಲಿ ಅಪ್ಪ ಅನ್ನುತ್ತಾಳೆ. ಹೆಂಡತಿ ಅಂಗಡಿ ಮುಚ್ಚಿ ಅಡಿಕೆ ತೋಟ ನೋಡಿಕೊಳ್ಳಿ ಅನ್ನುತ್ತಾಳೆ, ತೋಟ ಇರುವುದು ಒಂದು ಎಕರೆ. ನನ್ನ ಪ್ರಶ್ನೆ ಇಷ್ಟೇ. ಈ ವಯಸ್ಸಿಗೆ ಕಲಿತು ಉಪಯೋಗ ಇದೆಯಾ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಬೇಕು? ಹಾರ್ಡ್ ಡಿಸ್ಕಿನಲ್ಲಿ 20 ವರ್ಷಕ್ಕೂ ಹೆಚ್ಚಿನ ಫೈಲುಗಳಿವೆ, ಅವೆಲ್ಲ ಇನ್ನು ಕಸವಾ? ಇದೇ ಕೆಲಸ ಮಾಡಿದವರು ದಯವಿಟ್ಟು ಹೇಳಿ.

---

ಮೈಸೂರು ಕಂಪೋಸಿಟರ್:

ತಮ್ಮಾ, ನನಗೀಗ 74. ನಿನ್ನ ಪ್ರಶ್ನೆ ಎರಡು ಸಲ ಓದಿದೆ. ನಾನು 1968ರಲ್ಲಿ, 17ನೇ ವಯಸ್ಸಿಗೆ, ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸಲಿಕ್ಕೆ ಸೇರಿದವನು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಮೊಳೆ ತುಂಬಿದ ಕೇಸಿನ ಮೇಲೆ. ಕನ್ನಡದ ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮನೆ. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಕಣ್ಣು ಹುಡುಕುತ್ತಿರಲಿಲ್ಲ, ಕೈಯೇ ಹೋಗುತ್ತಿತ್ತು. ಸಾಲು ತಲೆಕೆಳಗಾಗಿ ಓದಿ ತಪ್ಪು ಹಿಡಿಯುತ್ತಿದ್ದೆ. ಅಚ್ಚಾದ ಮೇಲೆ ಅಷ್ಟೂ ಮೊಳೆ ತೊಳೆದು ಮತ್ತೆ ಅದರದರ ಮನೆಗೆ ಹಾಕಬೇಕು.

1996ರಲ್ಲಿ ಮಾಲೀಕರು ಟ್ರೆಡಲ್ ಅಚ್ಚಿನ ಯಂತ್ರ ಮಾರಿ ಕಂಪ್ಯೂಟರ್ ತಂದರು. ಮೊಳೆಗಳನ್ನು ಸೀಸದ ರೇಟಿಗೆ ತೂಗಿ ಹಾಕಿದರು. ಗೋಣಿಚೀಲದಲ್ಲಿ ತುಂಬಿ ತಕ್ಕಡಿಗೆ ಇಟ್ಟಾಗ ನಾನು ಹಿತ್ತಲಿಗೆ ಹೋಗಿ ನಿಂತಿದ್ದೆ. ನನಗಾಗ 45. ನಾವು ಐದು ಜನ ಕಂಪೋಸಿಟರುಗಳಲ್ಲಿ ಮೂವರು ಕೆಲಸ ಬಿಟ್ಟರು. ಅವರು ಸೋತರು ಅಂತ ನಾನು ಹೇಳುವುದಿಲ್ಲ, ಒಬ್ಬರು ದಿನಸಿ ಅಂಗಡಿ ಹಾಕಿ ಚೆನ್ನಾಗೇ ಇದ್ದರು. ನಾನು ಉಳಿದೆ, ಬೇರೆ ಏನೂ ಗೊತ್ತಿರಲಿಲ್ಲ.

ಮೊದಲ ಆರು ತಿಂಗಳು ಕಷ್ಟ ಇತ್ತು. ಸುಳ್ಳು ಹೇಳಿ ನಿನಗೆ ಧೈರ್ಯ ತುಂಬುವುದಿಲ್ಲ. 20 ವರ್ಷದ ಹುಡುಗಿಯೊಬ್ಬಳು ನನಗೆ ಮೌಸ್ ಹಿಡಿಯುವುದು ಕಲಿಸಿದಳು. ಬಹಳ ತಾಳ್ಮೆಯ ಹುಡುಗಿ. ಅವಳು ನನಗೆ ಕಲಿಸುತ್ತಿದ್ದಾಗಲೇ ಅವಳ ಪ್ರೂಫ್ ನನ್ನ ಹತ್ತಿರ ಬರುತ್ತಿತ್ತು, 'ಶುಭಾಷಯ' ಇದ್ದದ್ದನ್ನು 'ಶುಭಾಶಯ' ಮಾಡಿಸುತ್ತಿದ್ದೆ, 'ಹಾರ್ಧಿಕ'ವನ್ನು 'ಹಾರ್ದಿಕ' ಮಾಡಿಸುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಮಾಲೀಕರು ಎಲ್ಲ ಪ್ರೂಫನ್ನೂ ನನಗೇ ಕೊಟ್ಟರು. 62ರವರೆಗೂ ದುಡಿದೆ.

ನಿನ್ನ ಬೇಜಾರು ಬರೀ ಸಾಫ್ಟ್‌ವೇರಿನದಲ್ಲ ಅಲ್ವಾ. 14 ವರ್ಷ ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಬೇಡವಾಯಿತಲ್ಲ ಅನ್ನುವುದು. ಅದಕ್ಕೆ ಸ್ವಲ್ಪ ದಿನ ಬೇಕು. ಆ ದಿನ ಅಂಗಡಿ ಬೇಗ ಹಾಕಿದ್ದು ತಪ್ಪೇನಲ್ಲ.

---

ಹುಬ್ಬಳ್ಳಿ ಅಕ್ಕ:

ನಾನು 18 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಗದಗದಲ್ಲಿ, ಈಗ ಹುಬ್ಬಳ್ಳಿಯಲ್ಲಿ ಮನೆಯಿಂದಲೇ. ಐದು ವರ್ಷದ ಹಿಂದೆ ಯೂನಿಕೋಡಿಗೆ ಬಂದೆ. ಎಲ್ಲ ಮೊದಲಿಂದ ಕಲಿಯಬೇಕು ಅಂತ ನೀವು ಹೆದರಿದ್ದೀರಿ. ಹಾಗೇನಿಲ್ಲ. ಬೆರಳು ಹಾಗೇ ಇರಲಿ! ನುಡಿಯಲ್ಲಿ ನೀವು ಹೊಡೆಯುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ. ಯೂನಿಕೋಡಿನಲ್ಲೂ ಅದೇ ಕ್ರಮ ಇದೆ. ನುಡಿಯ ಹೊಸ ಆವೃತ್ತಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಲಿನಕ್ಸ್‌ನಲ್ಲಿ ಕಗಪ ಅಂತ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತುವುದು ಅಲ್ಲೂ ಅದೇ. ಮೊದಲ ದಿನವೇ ನಾನು ಒಂದು ಪುಟ ಹೊಡೆದೆ, ನೀವೂ ಹೊಡೆಯುತ್ತೀರಿ.

ಆ ಹುಡುಗನ ಸ್ಕ್ರೀನಿನಲ್ಲಿ ಯಾಕೆ ಹಾಗಾಯಿತು ಅಂದರೆ, ಹಳೆಯ ನುಡಿ ಫಾಂಟಿನಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ. ಫಾಂಟ್ ಇಲ್ಲದ ಕಡೆ ಚಿತ್ರ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ 'ಕ'ಗೆ ತನ್ನದೇ ಸ್ವಂತ ಮನೆ ಇದೆ. ಯಾವ ಫೋನಿನಲ್ಲಿ ತೆರೆದರೂ 'ಕ' ಕನ್ನಡದ 'ಕ'ನೇ. ಹುಡುಕಿದರೂ ಸಿಗುತ್ತದೆ.

ಎಡವುವ ಜಾಗ ಒಂದೆರಡಿವೆ, ನಾನು ಅತ್ತದ್ದು ಅಲ್ಲೇ. ಒಂದು, 'ರ‍್ಯಾಂಕ್'. ಸುಮ್ನೆ ಹೊಡೆದರೆ ಅದು ಅರ್ಕಾವತ್ತಾಗಿ 'ರ್ಯಾಂಕ್' ಅಂತ ಬರುತ್ತದೆ. 'ರ' ಆದ ಮೇಲೆ, ಒತ್ತಿಗೆ ಮೊದಲು, ಕಣ್ಣಿಗೆ ಕಾಣದ ಒಂದು ಕೂಡಿಕೆ ಗುರುತು ಹಾಕಬೇಕು. ಜೆಡ್‌ಡಬ್ಲ್ಯೂಜೆ ಅನ್ನುತ್ತಾರೆ. ಶಾಲೆಯ ಸಂಚಿಕೆ ಮಾಡುವಾಗ ಈ ಪದ ಎಷ್ಟು ಸಲ ಬರುತ್ತದೆ ನಿಮಗೇ ಗೊತ್ತು. ಎರಡು, ಪೇಜ್‌ಮೇಕರ್ ಬಿಡಲೇಬೇಕು. ಅದರ ಕೊನೆಯ ಆವೃತ್ತಿ 7 ಬಂದಿದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಹೋದರೆ ಅದರಲ್ಲಿ ಪ್ಯಾರಾ ಸೆಟ್ಟಿಂಗಿಗೆ ಹೋಗಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಿ. ಇಲ್ಲದಿದ್ದರೆ 'ಕೃಷ್ಣಪ್ಪ' ಹೋಗಿ 'ಕೃಷ್‌ಣಪ್‌ಪ' ಆಗುತ್ತದೆ. ಮೊದಲ ವಾರ ನನಗೆ ಇದು ಗೊತ್ತಿರಲಿಲ್ಲ, ಸಾಫ್ಟ್‌ವೇರೇ ಕೆಟ್ಟಿದೆ ಅಂದುಕೊಂಡಿದ್ದೆ.

ಹಳೆಯ ಫೈಲು ಕಸ ಅಲ್ಲವೇ ಅಲ್ಲ. ಪರಿವರ್ತಕಗಳಿವೆ, ನುಡಿಯಲ್ಲೂ ಇದೆ, ಸಂಚಯ ಅನ್ನುವ ಕನ್ನಡ ತಂತ್ರಾಂಶದ ತಂಡದವರ ತಾಣದಲ್ಲೂ ಉಚಿತವಾಗಿ ಇದೆ. ಪಠ್ಯ ಅಂಟಿಸಿದರೆ ಯೂನಿಕೋಡ್ ಬರುತ್ತದೆ. ಆದರೆ ಮಧ್ಯದಲ್ಲಿ ಇಂಗ್ಲಿಷ್ ಇದ್ದರೆ ಅದನ್ನೂ ನುಡಿ ಅಂದುಕೊಂಡು ಕಲಸುಮೇಲೋಗರ ಮಾಡಿಬಿಡುತ್ತದೆ. ಇಮೇಲ್ ವಿಳಾಸ, ಕಂಪನಿ ಹೆಸರು ಎಲ್ಲ ಕೆಡುತ್ತದೆ. ಅಂಕಿಗಳನ್ನೂ ಕಣ್ಣಿಟ್ಟು ನೋಡಿ, ಮುಹೂರ್ತದ ಸಮಯ ತಪ್ಪಾದರೆ ಬೈಗುಳ ನಮಗೇ. ಎಲ್ಲ ಫೈಲನ್ನೂ ಒಂದೇ ಸಲ ಬದಲಾಯಿಸಲು ಕೂರಬೇಡಿ. ಯಾರಾದರೂ ಕೇಳಿದಾಗ ಆ ಒಂದನ್ನು ಮಾಡಿ.

---

ದಾವಣಗೆರೆ ಪ್ರಿಂಟರ್:

ಅಕ್ಕ ಹೇಳಿದ್ದೆಲ್ಲ ಸರಿ. ನಾನು ದುಡ್ಡಿನ ಮಾತು ಹೇಳುತ್ತೇನೆ. ಲಗ್ನಪತ್ರಿಕೆ ವಾಪಸ್ ಬರುತ್ತದೆ ಅಂತ ಕಾಯಬೇಡಿ, ಬರುವುದಿಲ್ಲ. ಯೂನಿಕೋಡ್ ಕಲಿತರೂ ಆ 500 ಕಾರ್ಡಿನ ಆರ್ಡರ್ ಬರುವುದಿಲ್ಲ. ನಮ್ಮಲ್ಲೂ ಹೋಯಿತು. ಟೈಪಿಂಗ್ ಅಂತ ಪುಟಕ್ಕೆ ಇಷ್ಟು ಅನ್ನುವ ಲೆಕ್ಕವೂ ಇನ್ನು ಜಾಸ್ತಿ ದಿನ ನಡೆಯುವುದಿಲ್ಲ. 2017ರಲ್ಲೇ ಗೂಗಲ್‌ನವರು ಕನ್ನಡಕ್ಕೆ ಮಾತಾಡಿ ಬರೆಸುವುದು ಕೊಟ್ಟರು, ಈಗ ಹಳ್ಳಿಯಲ್ಲೂ ಅಜ್ಜ ಫೋನಿಗೆ ಮಾತಾಡಿ ಮೆಸೇಜ್ ಕಳಿಸುತ್ತಾರೆ.

ನಮ್ಮಲ್ಲಿ ಉಳಿದಿರುವುದು ಪುಸ್ತಕ, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಸಂಘಗಳ ವರದಿ. ಇವನ್ನು ಫೋನಿನಲ್ಲಿ ಮಾಡಲು ಆಗುವುದಿಲ್ಲ. ಮಾತಾಡಿ ಬರೆಸಿದ್ದನ್ನು ಜನ ಹಾಗೇ ತಂದುಕೊಡುತ್ತಾರೆ, ಪೂರ್ಣವಿರಾಮ ಇರುವುದಿಲ್ಲ, 'ಜ್ಯೇಷ್ಠ ಪುತ್ರ' ಎಲ್ಲೋ ಹೋಗಿರುತ್ತದೆ. ಅದನ್ನು ತಿದ್ದಿ ಪುಟ ಕಟ್ಟುವುದಕ್ಕೆ ನಾನು ಬೇರೆ ರೇಟು ಹಾಕುತ್ತೇನೆ. ಬಿಲ್ಲಿನಲ್ಲಿ 'ತಿದ್ದುಪಡಿ' ಅಂತ ಬೇರೆ ಸಾಲೇ ಇದೆ. ಮೊದಲು ಸಂಕೋಚ ಆಗುತ್ತಿತ್ತು, 20 ವರ್ಷ ಅದನ್ನು ಪುಕ್ಕಟೆ ಮಾಡಿದ್ದೆವಲ್ಲ. ಈಗ ಯಾರೂ ಚೌಕಾಸಿ ಮಾಡುವುದಿಲ್ಲ.

ಇನ್ನೊಂದು, ತಿಂಗಳು ತಿಂಗಳು ದುಡ್ಡು ಕಟ್ಟುವ ಸಾಫ್ಟ್‌ವೇರಿಗೆ ತಕ್ಷಣ ಕೈ ಹಾಕಬೇಡಿ. ಪುಟ ಕಟ್ಟುವ ಸ್ಕ್ರೈಬಸ್ ಉಚಿತ. 2024ರ ಆರಂಭದಲ್ಲಿ ಬಂದ 1.6 ಆವೃತ್ತಿಯಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಇನ್‌ಡಿಸೈನಿನಷ್ಟು ಸಲೀಸಲ್ಲ, ದೊಡ್ಡ ಪುಸ್ತಕಕ್ಕೆ ಸ್ವಲ್ಪ ನಿಧಾನ. ಆದರೆ ಕಲಿಯಲಿಕ್ಕೆ ಸಾಕು. ಫಾಂಟ್ ಕಡಿಮೆ ಅನ್ನುವ ಮಾತೂ ಈಗಿಲ್ಲ. ನೋಟೋ ಸೆರಿಫ್ ಕನ್ನಡ ಪುಸ್ತಕಕ್ಕೆ ಆಗುತ್ತದೆ, ಶೀರ್ಷಿಕೆಗೆ ಬಾಲೂ ತಮ್ಮ, ನವಿಲು, ಹುಬ್ಬಳ್ಳಿ ಅಂತಲೇ ಒಂದು ಫಾಂಟ್ ಇದೆ. ಎಲ್ಲ ಉಚಿತ.

ಅಂಗಡಿ ಮುಚ್ಚುವ ಮಾತು ಆರು ತಿಂಗಳು ಮುಂದಕ್ಕೆ ಹಾಕಿ. ಬಾಡಿಗೆ ಭಾರ ಆದರೆ ಅಂಗಡಿ ಬಿಟ್ಟು ಮನೆಯಲ್ಲೇ ಮಾಡಿ. ಪುಸ್ತಕದ ಕೆಲಸಕ್ಕೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯೇ ಬೇಕು ಅಂತಿಲ್ಲ.

---

ಮಸ್ಕತ್‌ನಿಂದ ಒಬ್ಬ ಹೊನ್ನಾವರದವ:

ನಾನು ಈ ಕಸುಬಿನವನಲ್ಲ. ಹಳೆಯ ಫೈಲು ಕಸವಾ ಅಂತ ಕೇಳಿದ್ದನ್ನು ಓದಿ ಬರೆಯುತ್ತಿದ್ದೇನೆ.

ನಮ್ಮ ತಂದೆ ಮೂರು ಯಕ್ಷಗಾನ ಪ್ರಸಂಗ ಬರೆದಿದ್ದರು. 2004ರಲ್ಲಿ ಊರಿನ ಡಿಟಿಪಿಯವರೊಬ್ಬರ ಹತ್ತಿರ ಕೂತು ಟೈಪ್ ಮಾಡಿಸಿದರು. ಒಂದು ಪ್ರಸಂಗ ಮಾತ್ರ ಅಚ್ಚಾಯಿತು. ತಂದೆ ಹೋದ ಮೇಲೆ ಟ್ರಂಕಿನಲ್ಲಿ ಒಂದು ಸಿಡಿ ಸಿಕ್ಕಿತು. ಕೈಬರಹದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಸಿಡಿಯಲ್ಲಿ ಪೇಜ್‌ಮೇಕರ್ 6.5ರ ಫೈಲುಗಳು. ಇಲ್ಲಿ ಎಷ್ಟೋ ಜನರಿಗೆ ತೋರಿಸಿದೆ, ಯಾರಿಗೂ ತೆರೆಯಲು ಆಗಲಿಲ್ಲ. ಒಬ್ಬರು ಹೇಗೋ ತೆರೆದರು, ನೀವು ಹೇಳಿದ ಅದೇ ಪಿ, ಅದೇ ಪೌಂಡಿನ ಗುರುತು. ನನ್ನ ತಂದೆಯ ಮಾತು ಅದರೊಳಗಿದೆ, ನನಗೆ ಓದಲಿಕ್ಕೆ ಆಗುತ್ತಿಲ್ಲ.

ನಿಮ್ಮ ಹತ್ತಿರ ಪೇಜ್‌ಮೇಕರ್ ಇನ್ನೂ ನಡೆಯುತ್ತಿದೆ, ನುಡಿ ಗೊತ್ತು, ಪ್ರಸಂಗದ ಪದ್ಯ ಹೇಗಿರುತ್ತದೆ ಅಂತಲೂ ಗೊತ್ತಿದೆ ಅನ್ನಿಸುತ್ತದೆ. ದಯವಿಟ್ಟು ಆ ಹಳೆಯ ಕಂಪ್ಯೂಟರನ್ನು ಮಾರಬೇಡಿ. ಈ ಕೆಲಸ ನೀವು ಮಾಡಿಕೊಡುತ್ತೀರಾ? ಎಷ್ಟಾಗುತ್ತದೆ ಹೇಳಿ, ನಾನು ಕೊಡುತ್ತೇನೆ.

---

ಸಾಗರದವ (ಹನ್ನೊಂದು ದಿನದ ನಂತರ):

ಎಲ್ಲರಿಗೂ ಒಂದೇ ಸಲ ಉತ್ತರ ಬರೆಯುತ್ತಿದ್ದೇನೆ, ತಡವಾಗಿದ್ದಕ್ಕೆ ಕ್ಷಮಿಸಿ.

ಮೈಸೂರಿನ ಹಿರಿಯರೇ, ಮೊಳೆ ತೂಗಿದ ದಿನ ನೀವು ಹಿತ್ತಲಿಗೆ ಹೋಗಿ ನಿಂತಿದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತೋಟದ ಮಾತು ಎತ್ತಿಲ್ಲ.

ಅಕ್ಕಾ, ಬೆರಳು ಹಾಗೇ ನಡೆಯಿತು. ನನಗೇ ನಂಬಲಿಕ್ಕೆ ಆಗಲಿಲ್ಲ. ಮೊದಲ ದಿನ ಮಗಳ ಫೋನಿಗೆ ಒಂದು ಸಾಲು ಕಳಿಸಿದೆ, ಅದು ಅಲ್ಲಿ ಕನ್ನಡದಲ್ಲೇ ತೆರೆದುಕೊಂಡಿತು. ಇಷ್ಟು ವರ್ಷದಲ್ಲಿ ನಾನು ಹೊಡೆದ ಕನ್ನಡ ನನ್ನ ಅಂಗಡಿ ಬಿಟ್ಟು ಹೊರಗೆ ಕನ್ನಡವಾಗಿ ಹೋದದ್ದು ಅದೇ ಮೊದಲು. ದಿನಾ ಬೆಳಿಗ್ಗೆ ಅಂಗಡಿ ತೆಗೆದು ಒಂದು ಗಂಟೆ ಯೂನಿಕೋಡ್, ಆಮೇಲೆ ಕೈಯಲ್ಲಿರುವ ಕೆಲಸ ಹಳೆಯದರಲ್ಲೇ. 'ರ‍್ಯಾ'ಕ್ಕೆ 20 ನಿಮಿಷ ಹಿಡಿಯಿತು. ಈಗ ಬರುತ್ತದೆ. ಸ್ಕ್ರೈಬಸ್ ಹಾಕಿಕೊಂಡಿದ್ದೇನೆ, ಎಲ್ಲ ಪುಟಕ್ಕೂ ಒಂದೇ ಮಾದರಿ ಇಡುವ ಮಾಸ್ಟರ್ ಪೇಜ್ ಇನ್ನೂ ಹಿಡಿತಕ್ಕೆ ಬಂದಿಲ್ಲ. ದಾವಣಗೆರೆಯವರೇ, 'ತಿದ್ದುಪಡಿ' ಅಂತ ಬಿಲ್ಲಿನಲ್ಲಿ ಬರೆಯಲು ನನಗೆ ಕೈ ಬರಲಿಲ್ಲ, ಮೊನ್ನೆ ಒಬ್ಬರಿಗೆ ಹಾಗೇ ಮಾಡಿಕೊಟ್ಟೆ. ಮುಂದಿನ ಸಲ ನೋಡೋಣ.

ಹೊನ್ನಾವರದವರೇ, ಸಿಡಿಯ ಫೈಲುಗಳನ್ನು ಹಾಗೇ ಕಳಿಸಿ, ಯಾವುದನ್ನೂ ತೆರೆದು ಸೇವ್ ಮಾಡಬೇಡಿ. ಇಲ್ಲಿ ತೆರೆದುಕೊಳ್ಳುತ್ತದಾ ನೋಡಿ ಆಮೇಲೆ ದುಡ್ಡಿನ ಮಾತು. ಅಚ್ಚಾದ ಆ ಒಂದು ಪ್ರಸಂಗದ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಎರಡು ಪುಟದ ಫೋಟೋ ತೆಗೆದು ಹಾಕಿ. ರಾಗ ತಾಳದ ಹೆಸರನ್ನು ಹೇಗೆ ಇಟ್ಟಿದ್ದರು ಅಂತ ನೋಡಬೇಕು. ಪುಟದ ಅಗಲ ಎಷ್ಟು ಬೇಕು ಅಂತಲೂ ತಿಳಿಸಿ. ಭಾಮಿನಿ ಷಟ್ಪದಿಯಲ್ಲಿ ಮೂರನೇ ಸಾಲು, ಆರನೇ ಸಾಲು ಉದ್ದ ಬರುತ್ತವಲ್ಲ, ಅಗಲ ಮೊದಲೇ ಗೊತ್ತಿದ್ದರೆ ಅವು ಮುರಿಯದ ಹಾಗೆ ಕಟ್ಟುತ್ತೇನೆ.