ಹತ್ತು ಸಾವಿರ ರೂಪಾಯಿಯೊಳಗೆ ಮೊದಲ ಗಿಟಾರ್

ಪ್ರಶ್ನೆ (ಒಬ್ಬ ತಾಯಿ, ಶಿವಮೊಗ್ಗ): ಸರ್, ನಮಸ್ಕಾರ. ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಗಿಟಾರ್ ಕಲಿಯಲೇಬೇಕೆಂದು ಹಟ ಹಿಡಿದಾಗ ಅಣ್ಣನ ಮನೆಯಲ್ಲಿದ್ದ ಹಳೆಯ ಗಿಟಾರ್ ತಂದುಕೊಟ್ಟೆವು. ಬೆರಳು ಉರಿಯುತ್ತದೆ ಎಂದು ನಾಲ್ಕೇ ದಿನಕ್ಕೆ ಕೆಳಗಿಟ್ಟಳು. ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ 38 ಇಂಚಿನ ಗಿಟಾರ್, ಬ್ಯಾಗ್, ಬೆಲ್ಟ್, ಪಿಕ್ (ತಂತಿ ಮೀಟುವ ಬಿಲ್ಲೆ), ಹೆಚ್ಚುವರಿ ತಂತಿ ಎಲ್ಲವೂ ಸೇರಿ ಸಿಗುತ್ತಿದೆ. ಅಂಗಡಿಯವರು ಯಮಹಾ ಎಫ್280 ತೋರಿಸಿದರು, ಅದು ಎಂಟು ಸಾವಿರದ ಮೇಲೆ. ನಾವು ಹತ್ತು ಸಾವಿರ ದಾಟುವಂತಿಲ್ಲ. ಯಾವುದನ್ನು ಕೊಳ್ಳಲಿ? ಅವಳಿಗೆ ನಿಜವಾಗಿ ಆಸಕ್ತಿ ಇದೆಯೇ ಎಂಬ ಅನುಮಾನವೂ ಇದೆ.

ಉತ್ತರ (ಗಿಟಾರ್ ದುರಸ್ತಿಗಾರ, ಶಿಕ್ಷಕ, ಮೈಸೂರು): ಮೇಡಂ, ಮಗಳ ಆಸಕ್ತಿಯನ್ನು ಅನುಮಾನಿಸುವ ಮೊದಲು ಆ ಹಳೆಯ ಗಿಟಾರನ್ನು ಅನುಮಾನಿಸಿ. ಉಕ್ಕಿನ ತಂತಿ ಒತ್ತುವ ಯಾರಿಗೇ ಆಗಲಿ, ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ. ಚರ್ಮ ಗಟ್ಟಿಯಾದ ಮೇಲೆ ತಾನಾಗಿ ಹೋಗುತ್ತದೆ. ಆದರೆ ತಂತಿ, ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯಾದ ಫ್ರೆಟ್‌ನಿಂದ ವಿಪರೀತ ಮೇಲಿದ್ದರೆ ವರ್ಷಗಟ್ಟಲೆ ನುಡಿಸಿದವರ ಕೈಯೂ ಸೋಲುತ್ತದೆ. ಕಲಿಯುವುದನ್ನು ಬಿಟ್ಟ ಎಷ್ಟೋ ಮಕ್ಕಳ ಗಿಟಾರ್ ನನ್ನ ಮೇಜಿಗೆ ಬಂದಿವೆ. ತಪ್ಪು ಮಕ್ಕಳದಾಗಿರಲಿಲ್ಲ.

ಇವತ್ತೇ ಒಂದು ಸ್ಕೇಲ್ ತೆಗೆದುಕೊಂಡು, ತಲೆಯ ಕಡೆಯಿಂದ ಎಣಿಸಿ 12ನೇ ಫ್ರೆಟ್‌ನ ಮೇಲೆ ನಿಲ್ಲಿಸಿ. ಫ್ರೆಟ್‌ನ ತಲೆಯಿಂದ ತಂತಿಯ ತಳಕ್ಕೆ ದಪ್ಪ ತಂತಿಯಲ್ಲಿ 2.5 ಮಿಲಿಮೀಟರ್, ತೆಳು ತಂತಿಯಲ್ಲಿ 2 ಮಿಲಿಮೀಟರ್ ಆಸುಪಾಸು ಇದ್ದರೆ ಕಲಿಯುವವರಿಗೆ ಸರಿ. 4 ಇದ್ದರೆ ಅದು ಶಿಕ್ಷೆ. ಇನ್ನೊಂದು ಪರೀಕ್ಷೆ: ಎರಡು ಮತ್ತು ಮೂರನೇ ಫ್ರೆಟ್‌ಗಳ ನಡುವೆ ತಂತಿಯನ್ನು ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ನೋಡಿ. ಅಲ್ಲಿ ಕಾಗದ ತೂರುವಷ್ಟು ಸಂದು ಸಾಕು. ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಾಗಿ ಕೆಟ್ಟಿರುವುದು ಈ ಜಾಗವೇ. ತಲೆಯ ಕಡೆ ತಂತಿ ಕೂರುವ ನಟ್‌ನ ಗೀರುಗಳನ್ನು ಕಾರ್ಖಾನೆಯಲ್ಲಿ ಸಾಕಷ್ಟು ಆಳಕ್ಕೆ ಕೊರೆದಿರುವುದಿಲ್ಲ. ಹೊಸಬರು ಕಲಿಯುವ, ಹಲವು ಸ್ವರ ಒಟ್ಟಿಗೆ ನುಡಿಸುವ ಸಿ, ಜಿ, ಡಿ ಕಾರ್ಡ್‌ಗಳೆಲ್ಲ ಅಲ್ಲೇ ಹತ್ತಿರ ಇರುವುದರಿಂದ ನೋವೂ ಅಲ್ಲೇ.

ಹಾಗಾಗಿ ನನ್ನ ಸಲಹೆ: ಹತ್ತು ಸಾವಿರವನ್ನೂ ಗಿಟಾರ್‌ಗೇ ಸುರಿಯಬೇಡಿ. ಸಾವಿರ ರೂಪಾಯಿಯನ್ನಾದರೂ ಸೆಟಪ್‌ಗೆ, ಅಂದರೆ ನಟ್ ಮತ್ತು ಸ್ಯಾಡಲ್ (ಒಡಲಿನ ಕಡೆ ತಂತಿ ಕೂರುವ ಪಟ್ಟಿ) ಉಜ್ಜಿ ತಂತಿಯನ್ನು ಹದಕ್ಕೆ ಇಳಿಸುವ ಕೆಲಸಕ್ಕೆ ಎತ್ತಿಡಿ. 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕಾಗುತ್ತದೆ. ಒಮ್ಮೆ ಉಜ್ಜಿದ್ದು ಮತ್ತೆ ಬರುವುದಿಲ್ಲವಾದ್ದರಿಂದ ಇದನ್ನು ಬಲ್ಲವರಿಂದಲೇ ಮಾಡಿಸಿ. ಕತ್ತಿನೊಳಗಿನ ಸರಳಾದ ಟ್ರಸ್ ರಾಡ್ ತಿರುಗಿಸಿದರೆ ತಂತಿ ಇಳಿಯುತ್ತದೆ ಎಂದು ವೀಡಿಯೊ ನೋಡಿ ಕೀಲಿ ಹಾಕಬೇಡಿ. ಅದು ಇರುವುದು ಕತ್ತಿನ ಬಾಗು ಸರಿಪಡಿಸಲು.

ಮೂರು ಸಾವಿರದ ಕಟ್ಟು ಬೇಡ. ಅದರ ಬ್ಯಾಗ್ ಬರೀ ಬಟ್ಟೆ, ತಂತಿ ಬೇಗ ತುಕ್ಕು ಹಿಡಿಯುವಂಥದ್ದು. ಎಫ್280 ಒಳ್ಳೆಯ ಆಯ್ಕೆ: ಶ್ರುತಿ ನಿಲ್ಲುತ್ತದೆ, ಮುಂದೆ ಮಾರಿದರೂ ಕೊಳ್ಳುವವರಿರುತ್ತಾರೆ. ಒಂದೇ ಎಚ್ಚರಿಕೆ, ಅದರ ಒಡಲು ದೊಡ್ಡದು. ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ತೊಡೆಯ ಮೇಲೆ ಇಟ್ಟು ನೋಡಲಿ. ಬಲ ಭುಜ ಮೇಲಕ್ಕೆದ್ದರೆ ಸೊಂಟ ಸಣ್ಣಗಿರುವ ಕಾನ್ಸರ್ಟ್ ಅಳತೆಯ ಗಿಟಾರ್ ಕೇಳಿ.

ಜೊತೆಗೆ ಬೇಕಾದ್ದು ಬಹಳ ಕಡಿಮೆ. 0.60ರಿಂದ 0.73 ಮಿಲಿಮೀಟರ್ ದಪ್ಪದ ಎರಡು ಪಿಕ್, ಸ್ಪಂಜಿನ ಪದರವಿರುವ ಬ್ಯಾಗ್, ಎಕ್ಸ್‌ಟ್ರಾ ಲೈಟ್ ತಂತಿಯ ಒಂದು ಸೆಟ್. ಶ್ರುತಿಗೆ ಸದ್ಯ ಮೊಬೈಲ್ ಆ್ಯಪ್ ಸಾಕು, ಶ್ರುತಿ ಏರಿಸಲು ಕತ್ತಿಗೆ ಹಾಕುವ ಹಿಡಿಕೆಯಾದ ಕೇಪೊ ಆಮೇಲೆ. ತಂತಿಯ ವಿಷಯ ಮಾತ್ರ ಗಮನವಿಟ್ಟು ಕೇಳಿ. 0.012 ಇಂಚಿನಿಂದ ಶುರುವಾಗುವ ಸೆಟ್ ಗಿಟಾರ್‌ನ ಮೇಲೆ ಒಟ್ಟು 70 ಕಿಲೋಗಿಂತ ಹೆಚ್ಚಿನ ಎಳೆತ ಹಾಕುತ್ತದೆ. 0.010ರದ್ದು, ಅಂದರೆ ಎಕ್ಸ್‌ಟ್ರಾ ಲೈಟ್, 60 ಕಿಲೋ ಆಸುಪಾಸು. ಎಳೆಯ ಬೆರಳಿಗೆ ಈ ವ್ಯತ್ಯಾಸ ದೊಡ್ಡದು.

ಪ್ರಶ್ನೆ (ಧಾರವಾಡದ ವಿದ್ಯಾರ್ಥಿ): ಸರ್, ನೈಲಾನ್ ತಂತಿಯ ಗಿಟಾರ್ ಕೊಂಡರೆ ನೋವೇ ಇರುವುದಿಲ್ಲವಲ್ಲ? ಮುಂದೆ ಬೇಕೆಂದಾಗ ಉಕ್ಕಿನ ತಂತಿ ಹಾಕಿಕೊಳ್ಳಬಹುದು ಎಂದುಕೊಂಡಿದ್ದೇನೆ. ಹಾಸ್ಟೆಲ್ ಕಾರ್ಯಕ್ರಮಕ್ಕೆಂದು ಸ್ಪೀಕರ್‌ಗೆ ಜೋಡಿಸಬಹುದಾದ ಆರು ಸಾವಿರದ ಸೆಮಿ-ಅಕೌಸ್ಟಿಕ್ ಒಂದನ್ನೂ ನೋಡಿದ್ದೇನೆ.

ಉತ್ತರ: ತಮ್ಮಾ, ದಯವಿಟ್ಟು ಹಾಗೆ ತಂತಿ ಬದಲಿಸಬೇಡ. ಯಮಹಾ ಸಿ40ಯಂಥ ಕ್ಲಾಸಿಕಲ್ ಗಿಟಾರನ್ನು 40 ಕಿಲೋ ಆಸುಪಾಸಿನ ಎಳೆತಕ್ಕೆ ಕಟ್ಟಿರುತ್ತಾರೆ. ಉಕ್ಕಿನ ತಂತಿ ಬಿಗಿದರೆ ತಂತಿಗಳನ್ನು ಒಡಲಿಗೆ ಹಿಡಿದಿಡುವ ಬ್ರಿಜ್ ಕಿತ್ತು ಬರುತ್ತದೆ. ನೈಲಾನ್ ಬೆರಳಿಗೆ ಮೃದು ಎನ್ನುವುದು ನಿಜ. ಆದರೆ ಕತ್ತು ಅಗಲ, ನಟ್‌ನ ಹತ್ತಿರ 52 ಮಿಲಿಮೀಟರ್, ಯಮಹಾದ ಉಕ್ಕಿನ ತಂತಿಯ ಎಫ್310ರಲ್ಲಿ 43. ಬೆರಳಿನಿಂದ ಮೀಟಿ ನುಡಿಸುವ ಇಷ್ಟವಿದ್ದರೆ ನೈಲಾನ್ ತೆಗೆದುಕೊ, ಹಾಡಿಗೆ ಕಾರ್ಡ್ ಬಾರಿಸುವುದಾದರೆ ಉಕ್ಕು. ಆರು ಸಾವಿರದಲ್ಲಿ ಪಿಕಪ್ (ನಾದವನ್ನು ಸ್ಪೀಕರ್‌ಗೆ ಕಳಿಸುವ ಸಾಧನ) ಬೇಡ. ಅದರ ಖರ್ಚನ್ನು ಮರ ಮತ್ತು ಕೆಲಸಗಾರಿಕೆಯಲ್ಲಿ ಉಳಿಸಿರುತ್ತಾರೆ. ವೇದಿಕೆಯಲ್ಲಿ ಗಿಟಾರ್‌ನ ಮುಂದೆ ಒಂದು ಮೈಕ್ ಇಟ್ಟರೆ ನಡೆಯುತ್ತದೆ.

ಪ್ರಶ್ನೆ (ಉಡುಪಿಯಿಂದ ಒಬ್ಬರು): ಪ್ರತಿ ಮಳೆಗಾಲ ನನ್ನ ಗಿಟಾರ್‌ನ ತಂತಿ ಮೇಲೆದ್ದಂತೆ ಅನಿಸುತ್ತದೆ. ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ತೇವ ಹೀರಿ ಮೇಲಿನ ಹಲಗೆ ಉಬ್ಬುತ್ತದೆ, ಬ್ರಿಜ್ ಎತ್ತರಕ್ಕೆ ಬರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಇದರ ತದ್ವಿರುದ್ಧ: ಕತ್ತಿನ ಮರ ಒಣಗಿ ಕುಗ್ಗಿ ಫ್ರೆಟ್‌ಗಳ ತುದಿ ಕೈಗೆ ಚುಚ್ಚುತ್ತದೆ. ಕರಾವಳಿಯವರು ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ನುಡಿಸಿದ ಮೇಲೆ ತಂತಿ ಒರೆಸಿ. ನಿಮ್ಮ ಊರಿಗೆ ಪದರ ಅಂಟಿಸಿದ ಲ್ಯಾಮಿನೇಟ್ ಹಲಗೆಯೇ ಮೇಲು. ಮೇಲಿನ ಹಲಗೆ ಪದರವಿಲ್ಲದ ಅಖಂಡ ಮರದ್ದಾಗಿರುವ ದುಬಾರಿ ಸಾಲಿಡ್ ಟಾಪ್‌ನ ನಾದ ಚೆಂದ, ಆದರೆ ಹವೆಗೆ ಬೇಗ ನಲುಗುತ್ತದೆ.

ಪ್ರಶ್ನೆ (ಶಿವಮೊಗ್ಗದ ತಾಯಿ): ಸರ್, ಅಳೆದೆವು. ಹಳೆಯ ಗಿಟಾರ್‌ನಲ್ಲಿ ನಾಲ್ಕೂವರೆ ಮಿಲಿಮೀಟರ್! ಬ್ರಿಜ್‌ನ ಹಿಂದೆ ವಿಸಿಟಿಂಗ್ ಕಾರ್ಡ್ ಒಳಗೆ ಹೋಗುತ್ತಿದೆ. ಫೆವಿಕಾಲ್ ಹಾಕಲೇ?

ಉತ್ತರ: ಬೇಡ ಮೇಡಂ. ಬ್ರಿಜ್ ಏಳುತ್ತಿದೆ. ಪೂರ್ತಿ ಬಿಡಿಸಿ, ಹಳೆಯ ಅಂಟು ಕೆರೆದು, ಕ್ಲ್ಯಾಂಪ್ ಹಾಕಿ ಮತ್ತೆ ಕೂರಿಸಬೇಕು. ಸಂದಿಗೆ ಅಂಟು ಸುರಿದರೆ ಆ ಕೆಲಸ ಇನ್ನೂ ಕಷ್ಟವಾಗುತ್ತದೆ. ಇವತ್ತೇ ತಂತಿ ಸಡಿಲಿಸಿ, ಅಣ್ಣನವರಿಗೂ ತಿಳಿಸಿ. ಹೊಸದನ್ನು ಕೊಳ್ಳುವಾಗ ದುಡ್ಡು ಕೊಡುವ ಮೊದಲು ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿಸಿ. ಎಲ್ಲಾದರೂ ಝರ್ ಎಂದರೆ ಅದೇ ಮಾದರಿಯ ಬೇರೊಂದನ್ನು ತರಿಸಿ. ಸ್ಕೇಲನ್ನೂ ಕೈಚೀಲದಲ್ಲಿ ಒಯ್ಯಿರಿ, ಸಂಕೋಚ ಬೇಡ.